ಹೊಳೆಯುವ ಮರವನ್ನಲ್ಲ, ಮೊದಲು ಬೋಲ್ಟಿನ ಸಂಖ್ಯೆಯನ್ನು ನೋಡಿ

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗು. ಅಜ್ಜ ಕೊಂಡಿದ್ದ ಇಷಾಪುರ ಕಾರ್ಖಾನೆಯ .315 ರೈಫಲ್ ಮನೆಯಲ್ಲಿದೆ. ಮರ ಬಿರುಕು ಬಿಟ್ಟಿತ್ತು, ನಳಿಗೆಯ ಬಣ್ಣ ಹೋಗಿತ್ತು. ನನ್ನ ಭುಜದ ಅಳತೆಗೆ ಹೊಸ ಅಕ್ರೋಟ ಮರ ಕೂರಿಸಿ, ನಳಿಗೆಗೆ ಕಪ್ಪು ಹಿಡಿಸಿ, ಟ್ರಿಗರ್ ಹದಮಾಡಿ ಕೊಡಲು ಹೊರಜಿಲ್ಲೆಯ ಒಬ್ಬ ರೈಫಲ್ ಕಟ್ಟುವವರಿಗೆ ವಹಿಸಿದೆ. 65,000 ರೂಪಾಯಿಗೆ ಮಾತಾಗಿ 40,000 ಮುಂಗಡ ಕೊಟ್ಟೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೊಡುತ್ತೇನೆ ಎಂದವರು ಹದಿನಾಲ್ಕು ತಿಂಗಳು ಸತಾಯಿಸಿ, ಬಾಕಿ ಹಣ ಪಡೆದು ಈ ಮೇ ತಿಂಗಳಲ್ಲಿ ಕೊಟ್ಟರು. ಮರಕ್ಕೂ ಲೋಹಕ್ಕೂ ನಡುವೆ ಎಡಬದಿಯಲ್ಲಿ ಉಗುರು ತೂರುವಷ್ಟು ಸಂದಿ ಇದೆ. ಹಳೆಯ ಮರವನ್ನು ಹಿಂದಿರುಗಿಸಿಲ್ಲ. ಮೊದಲು ಒಟ್ಟಾಗಿ ಬೀಳುತ್ತಿದ್ದ ಗುಂಡುಗಳು ಈಗ ಚದುರುತ್ತವೆ. ಫೋನ್ ಎತ್ತುವುದಿಲ್ಲ, ಎತ್ತಿದ ಒಂದು ದಿನ ‘ಕೊಡಗಿನ ಮಳೆಗೆ ಮರ ಹಾಗೆಯೇ, ತಾನಾಗಿ ಸರಿಹೋಗುತ್ತದೆ, ಬೇಕಿದ್ದರೆ ಇನ್ನೂ 15,000 ಕೊಡಿ’ ಎಂದರು. ಚೀಟಿಯಲ್ಲಿ ಹಣದ ಮೊತ್ತ ಬಿಟ್ಟು ಬೇರೇನೂ ಇಲ್ಲ. ಹೊಡೆದ ಐದು ತೋಟಾಗಳಲ್ಲಿ ಎರಡರ ಬುಡದ ಬಳಿ ಹೊಳೆಯುವ ಉಂಗುರದಂಥ ಗೆರೆ ಮೂಡಿದೆ. ಖಾಲಿ ರೈಫಲ್‌ನ ಬೋಲ್ಟ್ (ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ, ಹಿಡಿ ಇರುವ ಉಕ್ಕಿನ ಭಾಗ) ಜೋರಾಗಿ ಮುಚ್ಚಿದಾಗ ಒಮ್ಮೆ ಟ್ರಿಗರ್ ಮುಟ್ಟದೆಯೇ ‘ಚಟ್’ ಎಂದಿತು. ಬೋಲ್ಟ್ ಮೊದಲಿಗಿಂತ ಹೊಸದರಂತೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಈ ರೈಫಲ್‌ನಿಂದ ಇನ್ನು ಒಂದು ಗುಂಡನ್ನೂ ಹೊಡೆಯಬೇಡಿ. ಬೋಲ್ಟನ್ನು ಹೊರತೆಗೆದು ಒಂದು ಕಡೆ, ತೋಟಾಗಳನ್ನು ಬೀಗ ಹಾಕಿದ ಇನ್ನೊಂದು ಕಡೆ ಇಡಿ. ಮನೆಯಲ್ಲಿ ಕೋವಿ ಹಿಡಿಯುವ ಎಲ್ಲರಿಗೂ, ತಮ್ಮನಿಗೂ ಮಕ್ಕಳಿಗೂ, ಈ ಮಾತನ್ನು ಇಂದೇ ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಪತ್ರದಲ್ಲಿ ಸಂದಿ, ತಡ, ಎತ್ತದ ಫೋನ್ ಮೊದಲು ಬಂದಿವೆ. ಉಂಗುರದ ಗೆರೆ, ‘ಚಟ್’ ಸದ್ದು, ಹೊಸದರಂತೆ ಕಾಣುವ ಬೋಲ್ಟ್ ಕೊನೆಯಲ್ಲಿ ಬಂದಿವೆ. ಸೈನ್ಯದ ವರ್ಕ್‌ಶಾಪಿನಲ್ಲಿ ಆರ್ಮರರ್ (ಆಯುಧ ದುರಸ್ತಿಗಾರ) ಆಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಇದೇ ಕುಲದ ರೈಫಲ್‌ಗಳನ್ನು ಬಿಚ್ಚಿ ಜೋಡಿಸಿದವನು ನಾನು. ನಾನು ನಿಮ್ಮ ಪತ್ರವನ್ನು ಕೊನೆಯಿಂದ ಮೊದಲಿಗೆ ಓದಿದೆ. ಸಂದಿಯಿಂದ ನಿಮಗಾದದ್ದು ಹಣದ ನಷ್ಟ. ಕೊನೆಯ ಮೂರು ಸಾಲುಗಳಲ್ಲಿ ಇರುವುದು ನಿಮ್ಮ ಕಣ್ಣು, ಕೈ, ಪಕ್ಕದಲ್ಲಿ ನಿಂತವರ ಜೀವ.

ಮೊದಲು ಆ ‘ಚಟ್’ ಸದ್ದು. ನಿಮ್ಮ .315 ಲೀ-ಎನ್‌ಫೀಲ್ಡ್ ಕುಲದ ರೈಫಲ್. ಸೈನ್ಯದ .303 ತೋಟಾ ಸಾರ್ವಜನಿಕರ ಕೈಗೆ ಹೋಗಬಾರದೆಂದು ಬ್ರಿಟಿಷರ ಕಾಲದಲ್ಲಿ ಬೇರೆ ಅಳತೆಯ ತೋಟಾಕ್ಕೆ ಹೊಂದಿಸಿದರು. ಒಳಗಿನ ಕಟ್ಟು ಮಾತ್ರ ಅದೇ. ಈ ಕುಲದಲ್ಲಿ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟ್ ತೆರೆಯುವಾಗಲ್ಲ, ಮುಂದಕ್ಕೆ ತಳ್ಳಿ ಮುಚ್ಚುವಾಗ. ಆ ಕ್ಷಣದಲ್ಲಿ ಒಂದು ಸಣ್ಣ ಉಕ್ಕಿನ ಅಂಚು ತೋಟಾದ ಬುಡಕ್ಕೆ ಬಡಿಯುವ ಹೊಡೆಮೊಳೆಯನ್ನು ತಡೆದು ನಿಲ್ಲಿಸಬೇಕು. ಆ ಅಂಚಿನ ಹಿಡಿತ ಸಾಲದಿದ್ದರೆ ಬೋಲ್ಟ್ ಮುಚ್ಚುತ್ತಿದ್ದಂತೆ ಹೊಡೆಮೊಳೆಯೂ ಮುಂದಕ್ಕೆ ಜಾರುತ್ತದೆ. ಒಳಗೆ ತೋಟಾ ಇದ್ದಿದ್ದರೆ ನಿಮ್ಮ ಬೆರಳು ಟ್ರಿಗರ್ ಹತ್ತಿರ ಇಲ್ಲದಿದ್ದರೂ ಗುಂಡು ಹಾರಬಹುದಿತ್ತು.

ಇದಕ್ಕೆ ಎರಡು ಕಾರಣಗಳಿರಬಹುದು. ಒಂದು, ‘ಟ್ರಿಗರ್ ಹದಮಾಡುವುದು’ ಎಂದರೆ ಆ ಅಂಚನ್ನು ಅರದಿಂದ ಉಜ್ಜಿ ಹಗುರ ಮಾಡುವುದು ಎಂದು ತಿಳಿದವರ ಕೈಗೆ ಅದು ಸಿಕ್ಕಿರಬೇಕು. ಈ ರೈಫಲ್‌ಗಳ ಟ್ರಿಗರ್ ಎರಡು ಹಂತದ್ದು; ಸೈನ್ಯದಲ್ಲಿ ಎರಡನೆಯ ಎಳೆತ ಐದಾರು ಪೌಂಡ್ ಇರಬೇಕಿತ್ತು. ಅದನ್ನು ನವಿರು ಮಾಡಬಹುದು, ಹೂವಿನಷ್ಟು ಹಗುರ ಮಾಡಬಾರದು. ಇನ್ನೊಂದು ಕಾರಣ ಮರ. ಈ ಕುಲದ ಹಳೆಯ ಮಾದರಿಗಳಲ್ಲಿ ಟ್ರಿಗರ್ ನೇತಾಡುವುದು ಕೆಳಗಿನ ಟ್ರಿಗರ್ ಗಾರ್ಡ್‌ನಿಂದ. ಗಾರ್ಡ್ ಒತ್ತಿ ಕುಳಿತಿರುವುದು ಮರದ ಮೇಲೆ. ಮರ ಉಬ್ಬಿದರೆ ಗಾರ್ಡ್ ಕೆಳಕ್ಕೆ, ಕುಗ್ಗಿದರೆ ಮೇಲಕ್ಕೆ. ಅದರೊಂದಿಗೆ ಟ್ರಿಗರಿನ ಲೆಕ್ಕವೇ ಬದಲಾಗುತ್ತದೆ. ಈ ತೊಂದರೆಯನ್ನು ತಪ್ಪಿಸಲೆಂದೇ ಬ್ರಿಟಿಷ್ ಸೈನ್ಯ 1940ರ ದಶಕದ ಕೊನೆಯಲ್ಲಿ ಇದೇ ಕುಲದ ತನ್ನ ನಂ. 4 ರೈಫಲ್‌ನ ಟ್ರಿಗರನ್ನು ಗಾರ್ಡ್‌ನಿಂದ ಬಿಡಿಸಿ ಮೇಲಿನ ಲೋಹದ ದೇಹಕ್ಕೆ ತಗುಲಿಸಿತು. ಹಾಗಾಗಿ ಈ ರೈಫಲ್‌ಗೆ ಮರ ಕೂರಿಸುವುದು ಬಡಗಿಯ ಕೆಲಸ ಮಾತ್ರವಲ್ಲ. ಮರ ಸರಿಯಿಲ್ಲದಿದ್ದರೆ ಟ್ರಿಗರೂ ಸರಿಯಿರುವುದಿಲ್ಲ.

ಈಗ ಆ ಉಂಗುರದ ಗೆರೆ. ಹಿತ್ತಾಳೆಯ ತೋಟಾದ ಬುಡದಲ್ಲಿ ಒಂದು ಅಂಚು ಇದೆಯಲ್ಲ, ಅದು ನಳಿಗೆಯ ಹಿಂಬದಿಗೆ ತಾಗಿ ನಿಲ್ಲುತ್ತದೆ. ಹಿಂದಿನಿಂದ ಬೋಲ್ಟಿನ ಮುಖ ಅದನ್ನು ಒತ್ತಿ ಹಿಡಿಯುತ್ತದೆ. ಈ ಅಂಚು ಕೂರಲು ಬಿಟ್ಟಿರುವ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಇದೇ ಕುಲದ .303ರಲ್ಲಿ ಸೈನ್ಯ ಒಪ್ಪುತ್ತಿದ್ದ ಅಂತರ 0.064 ಇಂಚಿನಿಂದ 0.074 ಇಂಚಿನವರೆಗೆ. ಅಂದರೆ ಹೆಚ್ಚುಕಡಿಮೆಗೆ ಇದ್ದ ಅವಕಾಶ ಕಾಲು ಮಿಲಿಮೀಟರ್ ಅಷ್ಟೇ. ಅಂತರ ಅದನ್ನು ಮೀರಿದರೆ, ಮದ್ದು ಉರಿದಾಗ ತೋಟಾದ ಗೋಡೆ ನಳಿಗೆಗೆ ಅಂಟಿಕೊಂಡು ಬುಡ ಮಾತ್ರ ಹಿಂದಕ್ಕೆ ಸರಿಯುತ್ತದೆ. ನಡುವಿನ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ. ಆ ತೆಳುವಾದ ಜಾಗವೇ ಹೊಳೆಯುವ ಉಂಗುರ. ಇನ್ನೂ ಜಗ್ಗಿದರೆ ಹರಿಯುತ್ತದೆ. ಬಿಸಿ ಅನಿಲ ಬೋಲ್ಟಿನ ಸುತ್ತ ನುಗ್ಗಿ ಹೊಡೆಯುವವನ ಮುಖಕ್ಕೇ ಬರುತ್ತದೆ.

ಎಲ್ಲ ಗೆರೆಯೂ ಅಪಾಯದ್ದೇ ಎಂದು ಹೇಳಲಾರೆ. ತೋಟಾ ನಳಿಗೆಯ ಗೋಡೆಗೆ ಉಬ್ಬಿದಾಗಲೂ ತೆಳ್ಳಗೆ ಗುರುತು ಬೀಳುವುದುಂಟು. ತುದಿ ಬಾಗಿಸಿದ ಸಣ್ಣ ತಂತಿಯನ್ನು ಖಾಲಿ ತೋಟಾದ ಒಳಗೆ ಇಳಿಸಿ, ಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯಿರಿ. ಗೆರೆ ಇರುವಲ್ಲಿ ತಂತಿ ಕಾಲುವೆಗೆ ಬಿದ್ದಂತೆ ಎಡವಿದರೆ ಅದು ಜಗ್ಗಿದ ಹಿತ್ತಾಳೆಯೇ. ಆ ಐದು ಖಾಲಿ ತೋಟಾಗಳನ್ನು ಎಸೆಯಬೇಡಿ. ನಿಮ್ಮ ದೂರಿಗೆ ಅವುಗಳಿಗಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ.

ಮೊದಲು ನೆಟ್ಟಗಿದ್ದ ರೈಫಲ್‌ನಲ್ಲಿ ಈ ಅಂತರ ಇದ್ದಕ್ಕಿದ್ದಂತೆ ಏಕೆ ಹೆಚ್ಚಬೇಕು? ಮರ ಬದಲಾದರೆ ಹೆಚ್ಚುವುದಿಲ್ಲ. ಕಪ್ಪು ಹಿಡಿಸಿದರೂ ಇಷ್ಟು ಹೆಚ್ಚುವುದಿಲ್ಲ. ಬೋಲ್ಟ್ ಬದಲಾದರೆ ಹೆಚ್ಚುತ್ತದೆ. ಬೋಲ್ಟ್ ಹೊಸದರಂತೆ ಕಾಣುತ್ತದೆ ಎಂಬ ನಿಮ್ಮ ಮಾತನ್ನು ಅದಕ್ಕೇ ನಾನು ಮೂರು ಸಲ ಓದಿದೆ. ಲೀ-ಎನ್‌ಫೀಲ್ಡ್ ಬೋಲ್ಟ್ ಬೀಗ ಹಾಕಿಕೊಳ್ಳುವುದು ಹಿಂಭಾಗದಲ್ಲಿ, ಎರಡು ಆಸರೆಗಳ ಮೇಲೆ. ಎರಡೂ ಸಮನಾಗಿ ಒತ್ತುವಂತೆ ಪ್ರತಿಯೊಂದು ಬೋಲ್ಟನ್ನೂ ಅದರದೇ ರೈಫಲ್‌ಗೆ ಕೈಯಿಂದ ಹೊಂದಿಸಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತದೆ, ಮುಚ್ಚುತ್ತದೆ, ಗುಂಡೂ ಹಾರುತ್ತದೆ, ಆದರೆ ಹೊಂದುವುದಿಲ್ಲ. ಆದ್ದರಿಂದಲೇ ಬೋಲ್ಟಿನ ಹಿಡಿಯ ಬುಡದಲ್ಲಿ ರೈಫಲ್‌ನ ಸಂಖ್ಯೆಯನ್ನು ಕೊರೆಯುವ ರೂಢಿ ಇದೆ. ಹಗಲ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಬೋಲ್ಟಿನ ಸಂಖ್ಯೆ, ರೈಫಲ್ ದೇಹದ ಸಂಖ್ಯೆ, ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಿಮಗಿರುವ ವಿನಾಯಿತಿ ಪತ್ರದಲ್ಲಿ ಬರೆದಿರುವ ಸಂಖ್ಯೆ, ಮೂರೂ ಒಂದೇ ಇರಬೇಕು. ಬೋಲ್ಟಿನ ಮೇಲೆ ಬೇರೆ ಸಂಖ್ಯೆ ಇದ್ದರೆ, ಅಥವಾ ಸಂಖ್ಯೆ ಇರಬೇಕಾದಲ್ಲಿ ಹೊಸದಾಗಿ ಉಜ್ಜಿದ ಗುರುತು ಇದ್ದರೆ, ಹತ್ತಾರು ರೈಫಲ್‌ಗಳನ್ನು ಒಟ್ಟಿಗೆ ಬಿಚ್ಚಿ ಒಂದೇ ತೊಟ್ಟಿಯಲ್ಲಿ ಕಪ್ಪು ಹಿಡಿಸಿ, ಹಿಂದಿರುಗಿ ಜೋಡಿಸುವಾಗ ಅದಲುಬದಲು ಮಾಡಿದ್ದಾರೆ ಎಂದೇ ನನ್ನ ಅನುಮಾನ. ನಿಮ್ಮ ಅಜ್ಜನ ಬೋಲ್ಟ್ ಈಗ ಯಾರದೋ ರೈಫಲ್‌ನಲ್ಲಿ ಇರಬಹುದು. ಅವರೂ ನಿಮ್ಮಷ್ಟೇ ಅಪಾಯದಲ್ಲಿ ಇರಬಹುದು.

ಇದು ಕಾನೂನಿನ ವಿಷಯವೂ ಹೌದು. 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರಿದವು. ಬೇರೆಯವರ ಸಂಖ್ಯೆಯ ಬೋಲ್ಟ್ ನಿಮ್ಮ ಮನೆಯಲ್ಲಿದ್ದರೆ ಉತ್ತರ ಹೇಳಬೇಕಾದವರು ನೀವೇ. ಸಂಖ್ಯೆ ಹೊಂದದಿದ್ದರೆ ರೈಫಲ್ ಕಟ್ಟುವವರಿಗೆ ಫೋನ್ ಮಾಡುತ್ತ ಕೂರಬೇಡಿ. ನಿಮ್ಮ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಕಳುಹಿಸಿ. ತಪ್ಪು ಮಾಡದವರು ತಾವಾಗಿ ಹೋಗಿ ಬರೆದುಕೊಟ್ಟರೆ ಮುಂದೆ ತಲೆ ತಗ್ಗಿಸಬೇಕಾಗುವುದಿಲ್ಲ.

ಮರದ ವಿಷಯಕ್ಕೆ ಬರೋಣ. ‘ಕೊಡಗಿನ ಮಳೆಗೆ ಮರ ಹಾಗೆಯೇ’ ಎಂಬ ಮಾತನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ; ಇದು ಅವರಿಗೆ ಮುಂಗಡ ಪಡೆಯುವ ದಿನವೂ ಗೊತ್ತಿತ್ತು. ಕೊಡಗಿನ ಮನೆಗೆ ಹೋಗುವ ರೈಫಲ್‌ಗೆ ಮರ ಕೂರಿಸುವವನು ಕೊಡಗಿನ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಅವನ ಕೆಲಸದ ಭಾಗ, ಆಮೇಲೆ ಹೇಳುವ ನೆಪವಲ್ಲ. ಚೆನ್ನಾಗಿ ಒಣಗಿದ ಮರವನ್ನು ಆರಿಸಬೇಕು. ಹೊರಗೆ ಕಾಣುವ ಮೈಗೆ ಮಾತ್ರವಲ್ಲ, ಲೋಹ ಕೂರುವ ಒಳಗಿನ ಗುಳಿಗೂ ಭುಜಕ್ಕೆ ಒತ್ತುವ ಹಿಂದಿನ ಮರವಾದ ಬಟ್ಟಿನ ತುದಿಗೂ ತಿರುಪಿನ ರಂಧ್ರಗಳಿಗೂ ಅಗಸೆ ಎಣ್ಣೆ ಕುಡಿಸಬೇಕು. ಹೊರಗೆ ವಾರ್ನಿಷ್ ಬಳಿದು ಒಳಗೆ ಬೋಳು ಬಿಟ್ಟರೆ ಮರ ಒಳಗಿನಿಂದಲೇ ನೀರು ಕುಡಿಯುತ್ತದೆ, ಒಂದೇ ಬದಿಗೆ ತಿರುಚಿಕೊಳ್ಳುತ್ತದೆ. ನಳಿಗೆಯ ಮೇಲಿನ ಮರದ ಮುಚ್ಚಳವನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿ. ಒಳಗೆ ಹಸಿ ಹಲಗೆಯ ಬಣ್ಣ ಕಂಡರೆ ನಿಮಗೆ ಉತ್ತರ ಸಿಕ್ಕಿತು.

ಆದರೆ ಅದಕ್ಕಿಂತ ಮುಂದಕ್ಕೆ ನೀವಾಗಿ ಬಿಚ್ಚಬೇಡಿ. ಅದರಲ್ಲೂ ಹಿಂದಿನ ಬಟ್ಟನ್ನು ಮೊದಲು ತಿರುಗಿಸಬೇಡಿ. ಈ ಕುಲದ ಹಳೆಯ ಮಾದರಿಗಳಲ್ಲಿ ಬಟ್ಟಿನ ಒಳಗಿನ ಉದ್ದ ತಿರುಪಿನ ಚೌಕ ತುದಿ ಮುಂದಿನ ಮರದ ಹಿಂಭಾಗಕ್ಕೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಅದನ್ನು ತಿರುಗಿಸಿದರೆ ಮರ ಸೀಳುತ್ತದೆ. ನಿಮ್ಮ ಹೊಸ ಮುಂದಿನ ಮರದ ಹಿಂಭಾಗದಲ್ಲಿ ಈಗಾಗಲೇ ಅಂಥ ಸೀಳು ಇದ್ದರೆ ಫೋಟೊ ತೆಗೆದಿಡಿ. ಅದು ಈ ರೈಫಲ್ ಕುಲವನ್ನೇ ಅರಿಯದವರ ಕೈಗುರುತು.

ಎಡಬದಿಯ ಸಂದಿ ಬರೀ ಅಂದದ ದೋಷವೇ ಎಂದು ಕೇಳಬಹುದು. ಅಲ್ಲ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವ ಬಲವನ್ನು ಮುಂದಿನ ಮರದ ಹಿಂತುದಿಯ ಎರಡು ಸಣ್ಣ ಮುಖಗಳು ಎಡಕ್ಕೂ ಬಲಕ್ಕೂ ಹಂಚಿಕೊಂಡು ತಾಳಬೇಕು. ಒಂದು ಬದಿ ಲೋಹವನ್ನು ಮುಟ್ಟದಿದ್ದರೆ ಎಲ್ಲ ಹೊಡೆತವೂ ಇನ್ನೊಂದು ಬದಿಗೆ. ಆ ಬದಿಯ ಮರ ಜಜ್ಜಿಹೋಗುತ್ತದೆ, ಪ್ರತಿ ಗುಂಡಿಗೂ ನಳಿಗೆ ಬೇರೆ ಬೇರೆ ಕಡೆ ವಾಲುತ್ತದೆ. ನಿಮ್ಮ ಗುಂಡುಗಳು ಚದುರುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬೇಕು. ನಳಿಗೆಯ ಕೆಳಗೆ ಕಾಗದದ ಚೂರು ಸಲೀಸಾಗಿ ಓಡಾಡಿದರೆ ಮರ ಸರಿ ಕೂತಿದೆ ಎಂದು ಅನೇಕರು ಹೇಳುತ್ತಾರೆ. ಅದು ನಳಿಗೆಯನ್ನು ಪೂರ್ತಿ ತೇಲುವಂತೆ ಬಿಟ್ಟ ಇಂದಿನ ರೈಫಲ್‌ಗಳಿಗೆ ಒಪ್ಪುವ ಮಾತು. ಇಲ್ಲಿ ಮರ ಮುಟ್ಟಬೇಕಾದಲ್ಲಿ ಮುಟ್ಟಬೇಕು, ಎರಡೂ ಬದಿ ಒಂದೇ ಸಮ ಮುಟ್ಟಬೇಕು.

ನಾನು ಹೊಸಬನಾಗಿದ್ದಾಗ ನಮ್ಮ ಉಸ್ತಾದರು ಒಂದು ಮುಂದಿನ ಮರವನ್ನು ನನ್ನ ಕೈಗೆ ಕೊಟ್ಟು, ಲೋಹಕ್ಕೆ ದೀಪದ ಮಸಿ ಸವರಿ ಕೂರಿಸಲು ಹೇಳಿದ್ದರು. ಕೂರಿಸಿ ಎತ್ತಿದರೆ ಮರ ಮುಟ್ಟಿದಲ್ಲಿ ಮಸಿ ಅಂಟಿರುತ್ತದೆ. ಅಷ್ಟನ್ನೇ, ಉಗುರಿನಷ್ಟು ತೆಳುವಾಗಿ ಕೆತ್ತಬೇಕು. ಮತ್ತೆ ಮಸಿ, ಮತ್ತೆ ಕೂರಿಸುವುದು. ಎರಡು ದಿನ ಹೀಗೆಯೇ ಕಳೆಯಿತು. ಮೂರನೆಯ ದಿನ ಒಂದೇ ಬಾರಿಗೆ ತುಸು ಹೆಚ್ಚು ಕೆತ್ತಿಬಿಟ್ಟೆ. ಅವರು ಬೈಯಲಿಲ್ಲ, ಆ ಮರವನ್ನು ಒಲೆಗೆ ಹಾಕಿಸಿ ಹೊಸದೊಂದನ್ನು ಕೊಟ್ಟರು. ಕೆತ್ತಿದ ಮರ ಮತ್ತೆ ಬೆಳೆಯುವುದಿಲ್ಲ. ತಪ್ಪಾದರೆ ಹೊಸ ಮರ ತೆಗೆಯಬೇಕೇ ಹೊರತು ವಾರ್ನಿಷ್ ಬಳಿದು ಗಿರಾಕಿಯ ಕೈಗೆ ಕೊಡಬಾರದು. ನಿಮಗೆ ಆಗಿರುವುದು ಅದೇ.

ತಡದ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು. ಹದಿನಾಲ್ಕು ತಿಂಗಳನ್ನು ನಾನು ದೊಡ್ಡ ತಪ್ಪು ಎನ್ನುವುದಿಲ್ಲ. ಒಳ್ಳೆಯ ಕೆಲಸಗಾರರು ಕಡಿಮೆ, ಒಳ್ಳೆಯ ಮರ ಸಿಗಲು ಕಾಯಬೇಕು. ‘ಈ ಕೈಲ್‌ಪೊಳ್ದ್‌ಗೆ ಆಗುವುದಿಲ್ಲ’ ಎಂದು ಜುಲೈನಲ್ಲೇ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಿ. ಹೇಳದೆ ಇದ್ದದ್ದು ತಪ್ಪು. ನಿಮ್ಮ ಹೆಸರಿನಲ್ಲಿರುವ ಆಯುಧ ಯಾರ ಅಂಗಡಿಯಲ್ಲಿ, ಯಾವ ಸ್ಥಿತಿಯಲ್ಲಿದೆ ಎಂದು ಹದಿನಾಲ್ಕು ತಿಂಗಳು ನಿಮಗೆ ತಿಳಿಯದಂತೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ರೈಫಲ್ ಸಂಖ್ಯೆ ಬರೆಯದ ಚೀಟಿ ಕೊಟ್ಟವರು ತಮ್ಮ ದಾಖಲೆ ಪುಸ್ತಕದಲ್ಲಿ ಏನು ಬರೆದಿದ್ದಾರೋ ಎಂಬ ಆತಂಕ ನನಗಿದೆ. ನಮ್ಮಲ್ಲಿ ಅನೇಕರು ತಪ್ಪು ತಿಳಿದಿರುವ ಒಂದು ವಿಷಯವನ್ನೂ ಹೇಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ ಇರುವವರು) ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಹೊಂದುವವರಿಗೆ ಇರುವ ವಿನಾಯಿತಿ. ರಿಪೇರಿ ಮಾಡುವವರಿಗೆ ಕಾಯ್ದೆಯ 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಇರಲೇಬೇಕು. ನಿಮ್ಮ ರೈಫಲ್ ಕಟ್ಟುವವರ ಪರವಾನಗಿ ಸಂಖ್ಯೆಯನ್ನು ಪತ್ರದಲ್ಲಿ ಕೇಳಿ. ಕೊಡದಿದ್ದರೆ ಅದನ್ನೂ ಠಾಣೆಗೆ ಬರೆದುಕೊಡಿ.

ಹಣದ ದಾರಿ ಹೀಗೆ. ಬೇರೆಯವರಿಂದ ರಿಪೇರಿ ಮಾಡಿಸುವ ಮೊದಲು ಎಲ್ಲವನ್ನೂ ದಾಖಲಿಸಿ. ಸರಿಪಡಿಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಸಂದಿಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ, ಬೋಲ್ಟ್ ಸಂಖ್ಯೆಯ ಫೋಟೊ, ತೋಟಾಗಳ ಫೋಟೊ, ಹಣ ಕಳುಹಿಸಿದ ಬ್ಯಾಂಕ್ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳು, ಎಲ್ಲವೂ ಬೇಕು. ಬಳಿಕ ರಿಪೇರಿ ಪರವಾನಗಿ ಇರುವ ಇನ್ನೊಬ್ಬ ಬಂದೂಕು ವ್ಯಾಪಾರಿಯಿಂದ ಗೇಜ್ ಹಾಕಿ ಹೆಡ್‌ಸ್ಪೇಸ್ ಅಳೆಸಿ, ಟ್ರಿಗರ್ ತೂಕ ನೋಡಿಸಿ, ಕಂಡದ್ದನ್ನು ಅವರ ಸಹಿ, ಮೊಹರಿನೊಂದಿಗೆ ಬರೆಸಿಕೊಳ್ಳಿ. ರೈಫಲನ್ನು ನೀವೇ ಒಯ್ಯಿರಿ. ಇನ್ನೊಬ್ಬರು ಒಯ್ಯಬೇಕಾದರೆ ಏನು ಪತ್ರ ಬೇಕು ಎಂದು ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ.

ಆ ವರದಿ ಸೇರಿಸಿ, ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ, ಹದಿನೈದು ದಿನ ಗಡುವು ಕೊಡಿ. ಮತ್ತೆ ಕೆಲಸ ಮಾಡಿಕೊಡಿ ಎಂದು ಕೇಳಬೇಡಿ. ನಾನಾಗಿದ್ದರೆ ಆ ಕೈಗೆ ಈ ರೈಫಲನ್ನು ಇನ್ನೊಮ್ಮೆ ಕೊಡುವುದಿಲ್ಲ. ಅಜ್ಜನ ಬೋಲ್ಟ್, ಹಳೆಯ ಮರ, ಕೊಟ್ಟ ಹಣ, ಸರಿಪಡಿಸಲು ತಗಲುವ ವೆಚ್ಚ, ಇಷ್ಟನ್ನು ಕೇಳಿ. ಪತ್ರದಲ್ಲಿ ಬೈಗುಳ ಬೇಡ, ತಾರೀಖು ಮತ್ತು ಅಳತೆ ಇರಲಿ. ಉತ್ತರ ಬಾರದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅವರ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಸರಿಯಾದ ಬಿಲ್ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಆ ಬೋಳು ಚೀಟಿಯೇ ನಿಮ್ಮ ಪರ ಸಾಕ್ಷಿ ಹೇಳುತ್ತದೆ. ದಾರಿ ತೋಚದಿದ್ದರೆ 1915 ಸಹಾಯವಾಣಿಗೆ ಕರೆ ಮಾಡಿ.

ಕೈಲ್‌ಪೊಳ್ದ್‌ನ ದಿನ, ಸೆಪ್ಟೆಂಬರ್ 3, ಹತ್ತಿರ ಬರುತ್ತಿದೆ. ರೈಫಲನ್ನು ಮನೆಯ ನಡುಬಾಡೆಯಲ್ಲಿಟ್ಟು ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸಿ, ಅದಕ್ಕೇನೂ ಅಡ್ಡಿಯಿಲ್ಲ. ತೆಂಗಿನಕಾಯಿಗೆ ಹೊಡೆಯಲು ಮಾತ್ರ ಅದನ್ನು ಕೊಂಡೊಯ್ಯಬೇಡಿ, ಸುಗ್ಗಿಯ ಹಬ್ಬ ಪುತ್ತರಿಗೂ ಬೇಡ. ‘ಒಂದೇ ಗುಂಡು, ಶಾಸ್ತ್ರಕ್ಕೆ’ ಎಂದು ಹಿರಿಯರು ಒತ್ತಾಯಿಸಿದರೆ ಆ ಉಂಗುರ ಮೂಡಿದ ತೋಟಾವನ್ನು ಅವರ ಕೈಗೆ ಕೊಟ್ಟು ತೋರಿಸಿ. ಕೋವಿ ಬಲ್ಲ ಹಿರಿಯರು ಅದನ್ನು ನೋಡಿದ ಮೇಲೆ ಒತ್ತಾಯ ಮಾಡುವುದಿಲ್ಲ.

ಹಳೆಯ ಮರ ಕೈಗೆ ಬಂದರೆ ಹೊಸ ಮರದ ಆಸೆ ಬಿಟ್ಟು ಅದನ್ನೇ ದುರಸ್ತಿ ಮಾಡಿಸುವ ಯೋಚನೆ ಮಾಡಿ. ಬಿರುಕು ಬಿಟ್ಟ ಮರವನ್ನು ಒಳಗಿನಿಂದ ಹಿತ್ತಾಳೆಯ ಸರಳು ಹಾಕಿ ಅಂಟಿಸುವುದು ಬಲ್ಲವರಿಗೆ ಕಷ್ಟವಲ್ಲ. ನಿಮ್ಮ ರೈಫಲ್‌ನ ಲೋಹಕ್ಕೆ ಅಷ್ಟು ವರ್ಷ ಹೊಂದಿಕೊಂಡು ಕೂತಿದ್ದ ಮರ ಅದೊಂದೇ. ಸಂಖ್ಯೆ ನೋಡಿದ ದಿನ, ಹೊಂದಿದರೂ ಹೊಂದದಿದ್ದರೂ, ಬೋಲ್ಟಿನ ಫೋಟೊವನ್ನು ನನಗೂ ಕಳುಹಿಸಿ.